ಪೇಪರ್ ಗಾಡಿಯ ದೇವು ವಾಪಸು ಕೇಳುತ್ತಿರುವ ಪುಸ್ತಕ

ಹಿರೇಗುತ್ತಿಯ ಹೆದ್ದಾರಿ ಬದಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಘಟ್ಟದ ಮೇಲಿನಿಂದ ಪೇಪರ್ ಹೊತ್ತು ತರುವ ದೊಡ್ಡ ಗಾಡಿ ಬರಬೇಕು, ಬಂದಿಲ್ಲ. ದೇವು ಜಟ್ಟಪ್ಪ ನಾಯ್ಕ ತಮ್ಮ ಹಳೇ ಓಮ್ನಿಗೆ ಒಂದು ಸುತ್ತು ಬರುತ್ತಾರೆ, ಟೈರಿಗೆ ಕಾಲಲ್ಲೊಂದು ಒದೆ ಕೊಡುತ್ತಾರೆ, ಹಿಂಬಾಗಿಲು ತೆಗೆದು ಸರಿಯಾಗಿಯೇ ಇದ್ದ ಟಾರ್ಪಾಲನ್ನು ಮತ್ತೆ ಸರಿಮಾಡುತ್ತಾರೆ. ಚಹಾದಂಗಡಿಯವನು ಬೆಂಚು ತೋರಿಸಿದರೆ ಬೇಡವೆಂದು ತಲೆಯಾಡಿಸಿ, ಲೋಟ ಹಿಡಿದುಕೊಂಡೇ ಅತ್ತಿಂದಿತ್ತ ಓಡಾಡುತ್ತಾರೆ. "ನಂಗೆ ಒಂದ್ ಕಡೆ ಕೂತ್ಕಳುಕೆ ಆಗುದಿಲ್ಲ ಮಾರಾಯ್ರೆ. ಕೂತ್ರೆ ತಲೆ ಓಡುಕೆ ಶುರು ಮಾಡ್ತದೆ. ಅದ್ಕಿಂತ ಕಾಲು ಓಡುದೇ ಚೊಲೋ" ಎನ್ನುತ್ತಾರೆ. ಈ ಮೂರು ವಾರದಿಂದ ಅವರ ತಲೆಯೂ ಓಡುತ್ತಿದೆ, ಕಾಲೂ ಓಡುತ್ತಿದೆ.

ದೊಡ್ಡ ಗಾಡಿ ಬಂದು ನಿಂತದ್ದೇ ತಡ, ಕಟ್ಟುಗಳು ಒಂದೊಂದಾಗಿ ಓಮ್ನಿಯೊಳಗೆ ಬೀಳುತ್ತವೆ. ಭಟ್ಕಳದ್ದು ಅಡಿಗೆ, ಹೊನ್ನಾವರದ್ದು ನಡುವೆ, ಕುಮಟೆಯದ್ದು ಮೇಲೆ. ಮೊದಲು ಇಳಿಯಬೇಕಾದದ್ದು ಕೈಗೆ ಮೊದಲು ಸಿಗಬೇಕು. ಕುಮಟೆ, ಕರ್ಕಿ, ಹೊನ್ನಾವರ, ಶರಾವತಿ ಸೇತುವೆ ದಾಟಿ ಮಂಕಿ, ಮುರ್ಡೇಶ್ವರದ ಕ್ರಾಸು, ಕೊನೆಗೆ ಭಟ್ಕಳ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಇದೇ ದಾರಿ. ಒಂದು ಕಾಲದಲ್ಲಿ ಪಕ್ಕದ ಸೀಟಿನ ಮೇಲೂ ಕಟ್ಟುಗಳು ಇರುತ್ತಿದ್ದವು. ಈಗ ಹಿಂಬದಿಯಲ್ಲೇ ಜಾಗ ಉಳಿಯುತ್ತದೆ. ಬೆಳಗ್ಗೆ ಬಾಗಿಲು ತೆಗೆದಾಗ ಮೆಟ್ಟಿಲ ಮೇಲೆ ಪೇಪರ್ ಕಾಣದಿದ್ದರೆ ಈ ಮೂರು ತಾಲೂಕಿನ ಜನ ದೇವುವನ್ನು ನೆನೆಸಿಕೊಂಡು ಬೈಯುತ್ತಾರೆ. ಕಂಡರೆ, ಅದು ತಾನಾಗಿಯೇ ನಡೆದು ಬಂತೇನೋ ಎಂಬಂತೆ ಎತ್ತಿಕೊಂಡು ಒಳಗೆ ಹೋಗುತ್ತಾರೆ.

ಆದರೆ ಈ ಓಮ್ನಿಯಲ್ಲಿ ಪೇಪರಿನ ಜೊತೆ ಇನ್ನೊಂದು ಸಾಮಾನೂ ಪ್ರಯಾಣ ಮಾಡುತ್ತದೆ. ದೇವು ಅದಕ್ಕೆ 'ಮಡಿಕೆ' ಎನ್ನುತ್ತಾರೆ. ಒಂದು ಹಾಳೆ, ನಡುವೆ ಬ್ಲೇಡಿನಿಂದ ಒಂದು ಸೀಳು, ಲೆಕ್ಕ ತಪ್ಪದಂತೆ ಮಡಚಿದರೆ ಎಂಟು ಪುಟದ ಪುಟ್ಟ ಪುಸ್ತಕ. ಒಳಗೆ ಯಾರೋ ಕೈಯಾರೆ ಬರೆದ ಚಿತ್ರಕಥೆ ಇರುತ್ತದೆ, ಇಲ್ಲವೇ ನಾಲ್ಕು ಕವನ, ಇಲ್ಲವೇ ಊರಿನವರ ಮೇಲೆ ಒಂದಷ್ಟು ಕುಚೋದ್ಯ. ಬರೆದವರೇ ಜೆರಾಕ್ಸ್ ಮಾಡಿಸಿ, ಬರೆದವರೇ ಮಡಚಿ, ಬರೆದವರೇ ಹಂಚುವಂಥದ್ದು. ಕಾಲೇಜಿನ ಹುಡುಗರು ಇದಕ್ಕೆ ಮಿನಿಕಾಮಿಕ್ ಎಂದೋ ಝೀನ್ ಎಂದೋ ಹೆಸರು ಹೇಳುತ್ತಾರೆ. ಅಂಗಡಿಯಲ್ಲಿ ಮಾರುವುದಿಲ್ಲ, ಲೈಬ್ರರಿಯವರು ಇದನ್ನು ಪುಸ್ತಕವೆಂದು ಒಪ್ಪುವುದಿಲ್ಲ. ಕುಮಟೆಯಲ್ಲಿ ಬರೆದದ್ದು ಭಟ್ಕಳದ ಸ್ನೇಹಿತರ ಕೈ ಸೇರಬೇಕಾದರೆ ಸುಲಭದ ದಾರಿಯೆಂದರೆ ದೇವುವಿನ ಗಾಡಿ.

ಇದಕ್ಕೆ ಅವರು ದುಡ್ಡು ಮುಟ್ಟುವುದಿಲ್ಲ. ಕಟ್ಟು ಕೊಡುವಾಗ ಒಂದು ಪ್ರತಿ ಬೇರೆಯಾಗಿ ಅವರ ಕೈಗೆ ಇಡಬೇಕು, ಅದೇ ಬಾಡಿಗೆ. ಯಾರಾದರೂ ಧಾರಾಳಿಗಳು ಎರಡು ಕೊಟ್ಟರೆ ಒಂದನ್ನು ಅಲ್ಲೇ ವಾಪಸು ಮಾಡುತ್ತಾರೆ. "ಎರಡ್ನೇದು ಇಟ್ಕಂಡ್ರೆ ಮತ್ಯಾರೋ ಓದುದನ್ನ ಕಸ್ಕಂಡ ಹಂಗೆ ಆಗ್ತದೆ. ನಂಗೆ ಒಂದೇ ಸಾಕು" ಎನ್ನುವುದು ಅವರ ನ್ಯಾಯ.

ಹೀಗೆ ಒಂದೊಂದಾಗಿ ಸೇರಿದ ಮಡಿಕೆಗಳು ಹೊನ್ನಾವರದ ಅವರ ಎರಡು ಕೋಣೆಯ ಮನೆಯಲ್ಲಿ ಮಂಚದ ಅಡಿ, ಕಪಾಟಿನ ಮೇಲೆ, ಅಕ್ಕಿ ಡಬ್ಬಿಯ ಪಕ್ಕ ಎಲ್ಲೆಂದರಲ್ಲಿ ಇವೆ. ಉಪ್ಪುನೀರಿನ ಗಜನಿ ಗದ್ದೆಯ ಏಡಿಗಳು ಸಭೆ ಸೇರಿ ಕಟ್ಟೆ ಕೊರೆಯುವ ಯೋಜನೆ ಹಾಕುವ ಕಥೆಯನ್ನು ಹಿರೇಗುತ್ತಿಯ ರೈತರೊಬ್ಬರು ಬರೆದಿದ್ದಾರೆ. ಭಟ್ಕಳದ ಒಬ್ಬಾತ ತನ್ನಜ್ಜಿಯ ಬೈಗುಳಗಳನ್ನು ನವಾಯತಿಯಲ್ಲೇ ಬರೆದು, ಪಕ್ಕದಲ್ಲಿ ಕನ್ನಡದ ಅರ್ಥ ಕೊಟ್ಟು, ಪ್ರತಿ ಬೈಗುಳಕ್ಕೂ ಅಜ್ಜಿಯ ಮುಖ ಬಿಡಿಸಿದ್ದಾನೆ. ಯಕ್ಷಗಾನದ ಹುಚ್ಚಿರುವ ಕರ್ಕಿಯ ಒಬ್ಬರದ್ದಂತೂ ಬರೀ ಚೌಕಿಯ, ಅಂದರೆ ವೇಷ ಕಟ್ಟುವ ಬಿಡಾರದ, ಚಿತ್ರಗಳು: ಕಿರೀಟ ಕಳಚಿಟ್ಟು, ಬಣ್ಣ ಒರೆಸದೆ, ಬಾಯಿ ತೆರೆದು ಗೊರಕೆ ಹೊಡೆಯುತ್ತಿರುವ ರಾಕ್ಷಸರು. ಇದನ್ನು ತೋರಿಸುವಾಗ ದೇವು ಪ್ರತಿ ಸಲವೂ ಹೊಸದಾಗಿ ನಗುತ್ತಾರೆ.

ಈ ಹುಚ್ಚು ಅಂಟಿಸಿದವರು ಕುಮಟೆಯ ತ್ರ್ಯಂಬಕ ಮಾಸ್ತರು, ಚಿತ್ರಕಲೆ ಕಲಿಸುತ್ತಿದ್ದವರು. ತಾವೇ ಬರೆದ ನಗೆಚಿತ್ರಗಳನ್ನು ಹಾಳೆಯಲ್ಲಿ ಅಚ್ಚು ಹಾಕಿಸಿ, ಭಟ್ಕಳದ ಗೆಳೆಯರಿಗೆ ಕೊಡುವಂತೆ ದೇವು ಕೈಗಿಟ್ಟಿದ್ದರು. ಆಗ ದೇವು ಈ ಕೆಲಸಕ್ಕೆ ಹೊಸಬರು. ಏಳನೆಯ ತರಗತಿಗೆ ಶಾಲೆ ಬಿಟ್ಟವರು, ದಿನವೂ ರಾಶಿ ರಾಶಿ ಪೇಪರ್ ಹೊರುತ್ತಿದ್ದರೂ ಒಂದನ್ನೂ ಬಿಡಿಸಿ ಓದಿದವರಲ್ಲ. ಮಂಕಿಯ ಹತ್ತಿರ ಟೈರ್ ಪಂಕ್ಚರಾಗಿ ಕಾಯುತ್ತಿದ್ದಾಗ ಹೊತ್ತು ಹೋಗದೆ ಆ ಹಾಳೆ ತೆಗೆದು ನೋಡಿದರು. ಅದರಲ್ಲಿ ಪಂಕ್ಚರಾದ ಬಸ್ಸಿನ ಸುತ್ತ ನಿಂತು ಸಲಹೆ ಕೊಡುವ ಹತ್ತು ಜನರ ಚಿತ್ರವಿತ್ತು. ತಲೆಯೆತ್ತಿದರೆ ತಮ್ಮ ಗಾಡಿಯ ಸುತ್ತಲೂ ಅಂಥವರೇ ನಿಂತಿದ್ದಾರೆ. "ನಮ್ಮಂತವ್ರ ಸುದ್ದಿನೂ ಬರೀತ್ರು ಹೇಳಿ ನಂಗೆ ಆವತ್ತೇ ಗೊತ್ತಾದದ್ದು" ಎನ್ನುತ್ತಾರೆ ದೇವು. ಮಾಸ್ತರು ಈಗಿಲ್ಲ. ಅವರ ಮನೆಯವರ ಹತ್ತಿರ ಇಲ್ಲದ ಹಾಳೆಗಳೂ ದೇವುವಿನ ಹತ್ತಿರ ಇವೆ.

ಇಟ್ಟುಕೊಳ್ಳುವುದು ಮಾತ್ರ ಸುಲಭದ ಮಾತಲ್ಲ. ಕರಾವಳಿಯ ಮಳೆಗಾಲದಲ್ಲಿ ಗೋಡೆಯೇ ಬೆವರುವಾಗ ಜೆರಾಕ್ಸ್ ಹಾಳೆಯ ಪಾಡೇನು? ಮೊದಲ ವರ್ಷ ಎಲ್ಲಕ್ಕೂ ಬೂಷ್ಟು ಹಿಡಿಯಿತು. ಎರಡನೆಯ ವರ್ಷ ದೇವು ಬುದ್ಧಿ ಖರ್ಚು ಮಾಡಿ, ಒಲೆಯ ಮೇಲಿನ ಅಟ್ಟದಲ್ಲಿ ಒಣಮೀನಿನ ಬುಟ್ಟಿಯ ಪಕ್ಕ ಇಟ್ಟರು. ಹಾಳೆ ಒಣಗಿಯೇ ಉಳಿಯಿತು, ಆದರೆ ಬೆಕ್ಕು ಬಂದು ಎಳೆದು ಹಾಕಿತು. ಕೊನೆಗೆ ಉಪಾಯ ಸಿಕ್ಕಿದ್ದು ತೆಂಗಿನಗುಂಡಿಯಲ್ಲಿ, ದೋಣಿಯಿಂದ ಮೀನು ಇಳಿಸುವ ದಕ್ಕೆಯಲ್ಲಿ. ಅಲ್ಲಿ ಎಸೆದ ಮೀನಿನ ಥರ್ಮಾಕೋಲ್ ಪೆಟ್ಟಿಗೆಗಳನ್ನು ತಂದು, ಸೋಪು ಹಾಕಿ ತೊಳೆದು, ಬಿಸಿಲಿಗಿಟ್ಟು, ನಾಲ್ಕು ಡಾಂಬರು ಗುಳಿಗೆ ಹಾಕಿ ಮುಚ್ಚಿದರೆ ಒಳಗೆ ತೇವ ಹೋಗುವುದಿಲ್ಲ. "ಮನೆಗೆ ಬಂದವ್ರೆಲ್ಲ ಬಂಗಡೆ ಇದ್ಯಾ ಕೇಳ್ತ್ರು. ಇಲ್ಲ, ಪುಸ್ತಕ ಇದೆ ಹೇಳುಕೆ ನಂಗೆ ನಾಚಿಕೆ ಆಗ್ತದೆ" ಎಂದು ಹೆಂಡತಿ ಗಣಪಿ ಮೂಗು ಮುರಿಯುತ್ತಾರೆ. ಮೂಗು ಮುರಿದರೂ ವರ್ಷಕ್ಕೊಮ್ಮೆ ಗುಳಿಗೆ ಬದಲಿಸುವವರು ಅವರೇ.

ಇನ್ನು ಮೂರು ವಾರದ ಹಿಂದಿನ ಕಥೆ. ಕರ್ಕಿಯ ಮನೆಗಳಿಗೆ ಪೇಪರ್ ಹಾಕುವ ಲೈನು ಗಣಪಿಯದ್ದು. ಬೆಳಗಾಗುವ ಮುಂಚೆ ಟಿವಿಎಸ್ ತೆಗೆದುಕೊಂಡು ಬಸ್ ತಂಗುದಾಣದಲ್ಲಿ ಕಾಯುತ್ತಾರೆ. ದೇವು ಬಂದು ಕಟ್ಟು ಇಳಿಸಿದ ಮೇಲೆ ಇಬ್ಬರೂ ಸೇರಿ ಪೇಪರಿನ ನಡುವೆ ಹ್ಯಾಂಡ್‌ಬಿಲ್ ತುರುಕುತ್ತಾರೆ. ಶಾಲೆ ಶುರುವಾಗುವ ಹೊತ್ತು ಅದು, ಟ್ಯೂಷನ್ ಕ್ಲಾಸಿನವರ ಹ್ಯಾಂಡ್‌ಬಿಲ್ ಬಂದಿತ್ತು. ಹಳೇ ಪೇಪರಿನಲ್ಲಿ ಸುತ್ತಿ, ಸಣಬಿನ ಹುರಿ ಕಟ್ಟಿದ ಕಟ್ಟು. ಹಿಂದಿನ ಸಂಜೆ ಕರ್ಕಿಯ ಸಂಪದಾ ಭಟ್ಕಳಕ್ಕೆಂದು ಕೊಟ್ಟ ಮಡಿಕೆಗಳ ಕಟ್ಟೂ ಹಳೇ ಪೇಪರಿನಲ್ಲೇ ಸುತ್ತಿತ್ತು, ಅದಕ್ಕೂ ಸಣಬಿನ ಹುರಿಯೇ ಇತ್ತು. ಮಳೆ ಧೋ ಎಂದು ಸುರಿಯುತ್ತಿತ್ತು, ಕರೆಂಟಿರಲಿಲ್ಲ. ದೇವು ಕೈಗೆ ಸಿಕ್ಕ ಕಟ್ಟು ತೆಗೆದುಕೊಟ್ಟರು. ವರ್ಷಗಟ್ಟಲೆ ಹ್ಯಾಂಡ್‌ಬಿಲ್ ತುರುಕಿದವರು ಅದರಲ್ಲೇನಿದೆ ಎಂದು ನೋಡುವುದಿಲ್ಲ. ಕೈ ತನ್ನ ಪಾಡಿಗೆ ತುರುಕುತ್ತಾ ಹೋಗುತ್ತದೆ. ಅರ್ಧ ಲೈನಿಗೇ ಕಟ್ಟು ಮುಗಿದಾಗ, "ಈ ಟ್ಯೂಷನಿನವ್ರು ಹ್ಯಾಂಡ್‌ಬಿಲ್ಲೂ ಕಮ್ಮಿ ಕಳ್ಸೀರು ನೋಡಿ" ಎಂದು ಗಣಪಿ ಗೊಣಗಿದ್ದೂ ಆಯಿತು.

ಭಟ್ಕಳ ಮುಟ್ಟಿದ ಮೇಲೆ ದೇವು ಎಂದಿನಂತೆ ಚಹಾ ಕುಡಿಯುತ್ತಾ ತಮ್ಮ ಬಾಡಿಗೆ ಪ್ರತಿಯನ್ನು ತೆಗೆದು ಓದಿದರು. ಸಂಪದಾ ಹೊನ್ನಾವರದ ಒಂದು ಲ್ಯಾಬಿನಲ್ಲಿ ರಕ್ತ ತಪಾಸಣೆಯ ಕೆಲಸ ಮಾಡುವ ಹುಡುಗಿ. ಅಮ್ಮ ತೀರಿಕೊಂಡ ಮೇಲೆ ಅವಳನ್ನು ಸಾಕಿದ್ದು ಚಿಕ್ಕಮ್ಮ ಮಹಾಲಕ್ಷ್ಮೀ, ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅಕ್ಕೋರು. ಆ ಎಂಟು ಪುಟದಲ್ಲಿ ಇದ್ದದ್ದು ಒಂದು ಬಚ್ಚಲುಮನೆ, ಒಂದು ನಲ್ಲಿ. ಚಿಕ್ಕಮ್ಮ ಶಾಲೆಯಿಂದ ಬಂದು ಬಚ್ಚಲಿನ ಚಿಲಕ ಹಾಕಿಕೊಂಡು ನಲ್ಲಿಯನ್ನು ಪೂರ್ತಿ ತಿರುಗಿಸುತ್ತಾರೆ. ನೀರಿನ ಸದ್ದು ಜೋರಾದರೆ ಅವರು ಅಳುತ್ತಿದ್ದಾರೆ ಎಂದು ಮನೆಗೆಲ್ಲ ಗೊತ್ತು. ಯಾರೂ ಏನೂ ಹೇಳುವುದಿಲ್ಲ. ಕೊನೆಯ ಪುಟದಲ್ಲಿ ಹುಡುಗಿಯೊಬ್ಬಳು ಟವೆಲ್ ಹಿಡಿದುಕೊಂಡು ಮುಚ್ಚಿದ ಬಾಗಿಲ ಹೊರಗೆ ನಿಂತಿದ್ದಾಳೆ, ಅಷ್ಟೇ. ಹೆಸರು ಬರೆದಿಲ್ಲ. ಆದರೆ ಆ ಕನ್ನಡಕ, ಆ ಕೊಡೆ, ಸೆರಗು ಸಿಕ್ಕಿಸುವ ಆ ರೀತಿ ನೋಡಿದ ಕರ್ಕಿಯ ಯಾರಿಗೂ ಹೆಸರು ಬೇಕಾಗಿಲ್ಲ. ದೇವುವಿನ ಚಹಾ ಆರಿಹೋಯಿತು.

ಅಷ್ಟರಲ್ಲಿ ಮೊಬೈಲ್ ರಿಪೇರಿ ಅಂಗಡಿಯ ನರೇಶ ಬಂದು ತನಗೆ ಬಂದ ಕಟ್ಟನ್ನು ಬಿಚ್ಚಿದ. ಅವನೂ ಚಿತ್ರಕಥೆ ಬರೆಯುವವನೇ. ಸಂಪದಾಳ ಮಡಿಕೆಗಳನ್ನು ತನ್ನ ಗೆಳೆಯರಿಗೆಲ್ಲ ಹಂಚಲು ಕಾದಿದ್ದವನು. ಬಿಚ್ಚಿ ನೋಡಿ, "ದೇವಣ್ಣ, ನಾ ಎಸೆಸೆಲ್ಸಿ ಪಾಸಾಗಿ ಹತ್ತು ವರ್ಷ ಆತು. ಈಗ ಟ್ಯೂಷನ್ನಿಗೆ ಹೋಗುಕೆ ಹೇಳ್ತ್ರಾ?" ಎಂದ. ದೇವು ಆ ಹ್ಯಾಂಡ್‌ಬಿಲ್ ನೋಡಿದರು, ತಮ್ಮ ಕೈಯಲ್ಲಿದ್ದ ಮಡಿಕೆ ನೋಡಿದರು. ಎಂಟು ಪುಟದ ಆ ಅಳು ಅಷ್ಟು ಹೊತ್ತಿಗೆ ಅಕ್ಕೋರ ಅಕ್ಕಪಕ್ಕದ ಮನೆಗಳ ಮೆಟ್ಟಿಲ ಮೇಲೆ ಬಿದ್ದಾಗಿತ್ತು.

ವಿಷಯ ಕೇಳಿ ಸಂಪದಾ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು ಎನ್ನುತ್ತಾರೆ ದೇವು. ಮನೆಯ ಪೇಪರನ್ನು ಕೊಡವಿ ನೋಡಿದಳು, ಅದರಲ್ಲಿ ಮಡಿಕೆ ಇರಲಿಲ್ಲ. ತಮ್ಮ ಮನೆ ಉಳಿದರ್ಧ ಲೈನಿಗೆ ಸೇರಿದ್ದಿರಬೇಕು ಎಂದುಕೊಂಡಳು. ಆಮೇಲೆ ಒಂದೇ ಮಾತು ಹೇಳಿದಳು. "ದೇವಣ್ಣ, ಚಿಕ್ಕಮ್ಮಂಗೆ ಗೊತ್ತಾಗುದ್ರೊಳಗೆ ಎಲ್ಲಾ ವಾಪಸು ತನ್ನಿ. ಒಂದೂ ಬಿಡಬೇಡಿ. ನಾನಿನ್ನು ಬರಿಯೂದಿಲ್ಲ." ಅವಳು ಪೆನ್ನುಗಳನ್ನೆಲ್ಲ ಲ್ಯಾಬಿನ ಗೆಳತಿಗೆ ಕೊಟ್ಟುಬಿಟ್ಟಿದ್ದಾಳೆಂದು ನರೇಶನಿಂದ ತಿಳಿದಾಗ ದೇವುವಿಗೆ ಊಟ ಸೇರಲಿಲ್ಲ.

ಹಾಗಾಗಿ ಈಗ ಭಟ್ಕಳದಿಂದ ಹಿಂದೆ ಬಂದವರೇ ದೇವು ಮನೆಗೆ ಹೋಗುವುದಿಲ್ಲ. ನೇರ ಕರ್ಕಿ. ಯಾವ ಅರ್ಧಕ್ಕೆ ಹೋಯಿತೆಂದು ಗಣಪಿಗೂ ಖಾತ್ರಿಯಿಲ್ಲ, ಹೀಗಾಗಿ ಒಂದು ಮನೆಯನ್ನೂ ಬಿಡುವಂತಿಲ್ಲ. ಎರಡನೆಯ ಪ್ರತಿ ಮುಟ್ಟದ ಮನುಷ್ಯ ಒಂದೇ ಪುಸ್ತಕದ ಪ್ರತಿಯ ಮೇಲೆ ಪ್ರತಿ ಕೂಡಿಸುತ್ತಿದ್ದಾನೆ. ಮೊದಲ ದಿನಗಳಲ್ಲಿ ಸುಳ್ಳು ಹೇಳಿ ನೋಡಿದರು: ಅಚ್ಚಿನಲ್ಲಿ ತಪ್ಪಾಗಿದೆ, ಬೇರೆ ಕೊಡ್ತಾರಂತೆ. ಅದು ಕೆಲಸಕ್ಕೆ ಬರಲಿಲ್ಲ. "ಹಂಗಾರೆ ಹೊಸದು ತಂದ್ಕೊಟ್ಟು ಹಳೇದು ತಕಂಡು ಹೋಗಿ" ಎಂದವರೇ ಹೆಚ್ಚು.

ಒಂದು ಮನೆಯಲ್ಲಿ ಅದನ್ನು ಮಸಾಲೆ ಡಬ್ಬಿಗಳ ಅಡಿಗೆ ಹಾಸಿದ್ದರು. ಡಬ್ಬಿ ಎತ್ತಿಸಿ, ಅರಿಶಿನದ ಕಲೆಯ ಸಮೇತ ಬಿಡಿಸಿಕೊಂಡು ತಂದರು. ಇನ್ನೊಂದು ಮನೆಯಲ್ಲಿ ಮಕ್ಕಳು ಅಕ್ಕೋರ ಸೀರೆಗೆ ಹಸಿರು, ನಲ್ಲಿಯ ನೀರಿಗೆ ಕೆಂಪು ಬಳಿದಿದ್ದರು. ಎಸೆದಿದ್ದೇವೆ ಎಂದವರ ಮನೆಯ ಕಿಟಕಿಯಲ್ಲೇ ಅದು ಕಾಣುತ್ತಿತ್ತು. ಅಕ್ಕೋರಿಂದ ಬೆತ್ತದ ಪೆಟ್ಟು ತಿಂದು ಬೆಳೆದ ಗಂಡಸರು ತಲೆ ತಗ್ಗಿಸಿಕೊಂಡು ತಂದುಕೊಟ್ಟರು. ಒಬ್ಬರು, "ಅವ್ರೂ ಅಳ್ತ್ರು ಹೇಳಿ ನಂಗೆ ಅಂದಾಜೇ ಇರ್ಲಿಲ್ಲ ದೇವು" ಎಂದು ಅಂಗಳದಲ್ಲೇ ನಿಂತುಬಿಟ್ಟರು. ಗುಟ್ಟು ಹೋಗಬಾರದ ಕಡೆಗೆಲ್ಲ ಹೋಗಿದೆ. ಹಾಳೆ ವಾಪಸು ತಂದರೆ ಓದಿದವರ ತಲೆಯೊಳಗೆ ಹೊಕ್ಕದ್ದು ವಾಪಸು ಬರುತ್ತದೆಯೇ? ಬರುವುದಿಲ್ಲವೆಂದು ದೇವುವಿಗೂ ಗೊತ್ತು. ಗೊತ್ತಿದ್ದೂ ಮುಂದಿನ ಮನೆಯ ಗೇಟು ತೆಗೆಯುತ್ತಾರೆ.

ಅವರ ಕಾಲು ನಿಂತದ್ದು ನಿನ್ನೆ, ಕೊನೆಗೆ ಉಳಿದಿದ್ದ ಈರಮ್ಮನ ಮನೆಯಲ್ಲಿ. ಈರಮ್ಮ ಗಟ್ಟಿಗಿತ್ತಿ, ಓಣಿಯಲ್ಲಿ ಎಲ್ಲರ ಜಗಳ ಬಿಡಿಸುವವರು. ಪುಸ್ತಕ ಇದೆ, ಕೊಡುವುದಿಲ್ಲ ಎಂದು ಬಾಗಿಲಲ್ಲೇ ಹೇಳಿದರು. ದೇವು ಕೈಮುಗಿದು, ಅಕ್ಕೋರ ಮರ್ಯಾದೆಯ ಪ್ರಶ್ನೆ ಎಂದರು.

"ಮರ್ಯಾದೆ ಎಂತಕ್ಕೆ ಹೋತದೆ?" ಎಂದರು ಈರಮ್ಮ. ಒಳಗೆ ಯಾರಾದರೂ ಇದ್ದಾರೆಯೇ ಎಂದು ಹಿಂತಿರುಗಿ ನೋಡಿ, ದನಿ ತಗ್ಗಿಸಿದರು. "ಅಕ್ಕೋರು ನಲ್ಲಿ ಬಿಡ್ತ್ರು. ನಾ ಮಿಕ್ಸಿ ಹಾಕ್ತೆ. ನಂಗೊಬ್ಳಿಗೇ ಹಿಂಗೆ ಅಂದ್ಕಂಡಿದ್ದೆ ಇಷ್ಟು ವರ್ಷ. ಈ ಪುಸ್ತಕ ನನ್ ಹತ್ರ ಇರ್ಲಿ ದೇವು, ಕೇಳ್ಬೇಡ."

ದೇವು ಕೇಳಲಿಲ್ಲ. ಗೇಟು ಹಾಕಿಕೊಂಡು ಬಂದು ಓಮ್ನಿಯ ಪಕ್ಕ ಸುಮ್ಮನೆ ನಿಂತರು. ಸಂಜೆ ಸಂಪದಾಳಿಗೆ, ಒಂದು ಮನೆಯದು ಬಿಟ್ಟು ಮಿಕ್ಕಿದ್ದೆಲ್ಲ ಸಿಕ್ಕಿದೆ ಎಂದರು. ಒಂದು ಯಾಕೆ ಬಿಟ್ಟಿರಿ, ಯಾರ ಮನೆ ಎಂದು ಅವಳು ಕೇಳಿದಳು. ಹೇಳಲಾರೆ ಎಂದರು. ಅವಳ ಮುಖ ಕೆಂಪಾಯಿತು. "ಎಲ್ಲರ ಮನೆ ಗುಟ್ಟೂ ಕಾಯ್ತೀರಿ, ನಮ್ಮನೇದೊಂದು ಬಿಟ್ಟು" ಎಂದವಳೇ ತಿರುಗಿ ನಡೆದಳು. ಈ ಮಾತು ನಾಟಿದ ಕಡೆ ಇನ್ನೂ ನೋಯುತ್ತದೆ ಎಂದು ದೇವು ಎದೆ ಮುಟ್ಟಿ ತೋರಿಸುತ್ತಾರೆ.

ಇವತ್ತು ಕರ್ಕಿಯಲ್ಲಿ ಕಟ್ಟು ಇಳಿಸಿ, ಗಣಪಿ ಟಿವಿಎಸ್ ಏರಿ ಹೊರಟ ಮೇಲೆ, ಇನ್ನೇನು ಓಮ್ನಿ ಶುರು ಮಾಡಬೇಕು, ತಂಗುದಾಣದ ಆಚೆಯಿಂದ ಕೊಡೆ ಹಿಡಿದ ಒಬ್ಬರು ಬರುತ್ತಾರೆ. ಮಹಾಲಕ್ಷ್ಮೀ ಅಕ್ಕೋರು. ದೇವು ಗಾಡಿಯಿಂದ ಇಳಿದು, ಏಳನೆಯ ತರಗತಿಯವನಂತೆ ಕೈಕಟ್ಟಿ ನಿಲ್ಲುತ್ತಾರೆ.

"ದೇವು, ಊರಲ್ಲಿ ಎಲ್ಲರ ಮನೆಗೂ ಹೋದ್ಯಂತೆ. ನಮ್ಮನೆಗೆ ಯಾಕೆ ಬರ್ಲಿಲ್ಲ?"

ಉತ್ತರಕ್ಕೆ ಅಕ್ಕೋರು ಕಾಯುವುದಿಲ್ಲ. "ಮನೇಲಿ ಮೊದ್ಲು ಏಳೂದು ನಾನು. ಆವತ್ತು ಪೇಪರ್ ಬಿಡಿಸಿದವಳೂ ನಾನೇ. ಅದ್ರೊಳಗಿತ್ತು, ತೆಗೆದಿಟ್ಕಂಡೆ. ಆ ಹುಡುಗಿ ಬಂದು ಪೇಪರ್ ಕೊಡವ್ತಾ ಇತ್ತು. ಪಾಪ, ನಾ ಒಳಗಿಂದ ನೋಡ್ತಾ ಇದ್ದೆ."

"ತಪ್ಪು ನಂದು ಅಕ್ಕೋರೆ. ಅದು ಭಟ್ಕಳಕ್ಕೆ ಹೋಗುದಾಗಿತ್ತು. ಹುಡುಗೀಗೆ ಎಂತಾ ಹೇಳ್ಬೇಡಿ" ಎನ್ನುತ್ತಾರೆ ದೇವು.

"ನಿನ್ನ ತಪ್ಪು ಎಷ್ಟು ಹೇಳಿ ನಂಗೆ ಗೊತ್ತಿದೆ, ಲೆಕ್ಕ ಹಾಕಿದ್ದೆ." ಅಕ್ಕೋರ ದನಿ ತರಗತಿಯಲ್ಲಿದ್ದಂತೆಯೇ ಇದೆ. "ಅಳುಕೆ ಒಂದು ಜಾಗ ಇತ್ತು ನಂಗೆ. ಅದೂ ಹೋತು. ಈಗ ನಲ್ಲಿ ತಿರುಗಿಸಿದ್ರೆ ಓಣಿಯೇ ಕಿವಿ ಕೊಡ್ತದೆ ಅನ್ನಿಸ್ತದೆ. ಆವತ್ತಿನಿಂದ ಸದ್ದಾಗದ ಹಂಗೆ ಕೊಡದಲ್ಲಿ ನೀರು ತುಂಬ್ಸಿಟ್ಟು ಸ್ನಾನ ಮಾಡ್ತಾ ಇದ್ದೆ. ಗೊತ್ತಿದ್ಯಾ ನಿಂಗೆ?"

ದೇವು ಮಡಿಕೆಗಳ ಕಟ್ಟನ್ನು ಸೀಟಿನ ಅಡಿಯಿಂದ ತೆಗೆದು ಅವರ ಮುಂದೆ ಹಿಡಿಯುತ್ತಾರೆ, ಅದರ ಮೇಲೆ ತಮ್ಮ ಬಾಡಿಗೆ ಪ್ರತಿಯನ್ನೂ ಇಡುತ್ತಾರೆ. ಇಟ್ಟ ಮೇಲೆ, ಹೇಳಬೇಕೋ ಬೇಡವೋ ಎಂದು ತಡೆದು, ಹೇಳಿಯೇ ಬಿಡುತ್ತಾರೆ. "ಒಂದು ಮನೇಲಿ ಕೊಡ್ಲಿಲ್ಲ ಅಕ್ಕೋರೆ. ಯಾರು ಹೇಳಿ ಕೇಳ್ಬೇಡಿ. ನೀವು ನಲ್ಲಿ ಬಿಟ್ಟ ಹಂಗೆ ಅವ್ರು ಮಿಕ್ಸಿ ಹಾಕ್ತ್ರಂತೆ."

ಅಕ್ಕೋರು ರಸ್ತೆಯತ್ತ ನೋಡುತ್ತಾರೆ, ಆಮೇಲೆ ದೇವುವಿನತ್ತ.

"ಮಿಕ್ಸಿ ಖಾಲೀನಾ, ಒಳಗೆ ಎಂತಾದ್ರೂ ಹಾಕ್ತ್ರಾ?"

"ಖಾಲಿ ಓಡ್ಸಿದ್ರೆ ಸುಟ್ಟು ಹೋತದಲ್ರಾ. ಕಾಯಿ ಹಾಕ್ತಾರೇನೋ."

"ಹಂಗಾರೆ ಅವ್ರ ಮನೆಯವ್ರಿಗೆ ದಿನಾ ಚಟ್ನಿ" ಎನ್ನುತ್ತಾರೆ ಅಕ್ಕೋರು. ಎಂದವರು ನಗುತ್ತಾರೆ. ನಗು ಹೆಚ್ಚಾಗಿ ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ, ಹೆದ್ದಾರಿ ಬದಿಯಲ್ಲಿ, ಬೆಳ್ಳಂಬೆಳಗ್ಗೆ, ಹೋಗಿಬರುವ ಲಾರಿಗಳ ಎದುರಿಗೇ. ಗಣಿತದ ಅಕ್ಕೋರು ಹೀಗೆ ನಿಂತದ್ದನ್ನು ದೇವು ಯಾವತ್ತೂ ಕಂಡಿಲ್ಲ.

ಕಟ್ಟನ್ನು ಅವರು ತೆಗೆದುಕೊಳ್ಳುವುದಿಲ್ಲ. "ಸುಡುಕೆ ಹೋಗ್ಬೇಡ. ಎಲ್ಲಿಗೆ ಹೋಗ್ಬೇಕಿತ್ತೋ ಅಲ್ಲಿಗೇ ಹೋಗ್ಲಿ. ಭಟ್ಕಳದಲ್ಲಿ ನನ್ನ ಗುರ್ತು ಯಾರಿಗೂ ಇಲ್ಲ. ನನ್ ಹತ್ರ ಇರೂದನ್ನ ಮಾತ್ರ ಕೊಡೂದಿಲ್ಲ." ಎರಡು ಹೆಜ್ಜೆ ಹೋದವರು ತಿರುಗಿ ನಿಲ್ಲುತ್ತಾರೆ. "ಚೆಂದ ಬರದ್ದು ಹುಡುಗಿ. ಬಚ್ಚಲ ಕಲ್ಲು ಕೂಡ ತಪ್ಪಿದ್ದಿಲ್ಲ. ಆದ್ರೆ ಇಷ್ಟು ವರ್ಷ ಬಾಗಿಲ ಹೊರಗೆ ನಿಂತು, ನಾ ಎಂತಕ್ಕೆ ಅಳ್ತೆ ಹೇಳಿ ಒಂದು ದಿನ ಕೇಳ್ಲಿಲ್ಲ ನೋಡು. ಕೇಳುಕೆ ಹೇಳು ಅದ್ರ ಹತ್ರ. ನಾನಾಗಿ ಶುರು ಮಾಡುಕೆ ನಂಗೆ ಬರೂದಿಲ್ಲ."

ಮಂಕಿಯಿಂದ, ಭಟ್ಕಳದಿಂದ ಪೇಪರ್ ಎಲ್ಲಿ ಎಂದು ಫೋನುಗಳು ಬಡಿದುಕೊಳ್ಳುತ್ತಿವೆ. ದೇವು ಯಾವುದನ್ನೂ ಎತ್ತುವುದಿಲ್ಲ. ಹೊನ್ನಾವರದಲ್ಲಿ ಕಟ್ಟು ಇಳಿಸುವ ಮೊದಲೇ ಲ್ಯಾಬಿನ ಮುಂದೆ ಗಾಡಿ ನಿಲ್ಲಿಸುತ್ತಾರೆ. ಬರಿಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರು ಸಾಲಾಗಿ ನಿಂತಿದ್ದಾರೆ. ಅವರನ್ನೆಲ್ಲ ದಾಟಿ ಕಿಟಕಿಯ ಹತ್ತಿರ ಹೋದರೆ, ಕೈಗವಸು ಹಾಕಿಕೊಂಡ ಸಂಪದಾ ಮೊದಲು ಮುಖ ತಿರುಗಿಸುತ್ತಾಳೆ. ದೇವು ಕಿಟಕಿಯ ಸರಳು ಹಿಡಿದು, ಯಾರಿಗೂ ಕೇಳದಂತೆ, ಅಕ್ಕೋರು ಹೇಳಿದ್ದನ್ನು ಹೇಳಿದಂತೆಯೇ ಹೇಳುತ್ತಾರೆ. ಒಂದು ಮಾತೂ ಸೇರಿಸುವುದಿಲ್ಲ, ಒಂದೂ ಬಿಡುವುದಿಲ್ಲ. ಸಂಪದಾ ಕೈಗವಸು ತೆಗೆದು ಮೇಜಿನ ಮೇಲಿಡುತ್ತಾಳೆ. "ಆನು ಕೇಳಲೇ ಇಲ್ಲೆ" ಎಂದು ತನ್ನಷ್ಟಕ್ಕೇ ಹೇಳಿಕೊಳ್ಳುತ್ತಾಳೆ, ಅವಳ ಮನೆಮಾತಿನಲ್ಲಿ. ದೇವು ಅಲ್ಲಿ ನಿಲ್ಲುವುದಿಲ್ಲ. ಇವತ್ತು ಭಟ್ಕಳದವರಿಗೆ ಪೇಪರ್ ತಡವಾಗಿ ಸಿಗುತ್ತದೆ, ಅವರು ಬೈಯುತ್ತಾರೆ, ದೇವು ಬೈಸಿಕೊಳ್ಳುತ್ತಾರೆ. ನರೇಶನಿಗೆ ಅವನ ಕಟ್ಟು ಸಿಗುತ್ತದೆ, ಅರಿಶಿನದ ಕಲೆ, ಕೆಂಪು ನೀರು ಎಲ್ಲದರ ಸಮೇತ.

ಸಂಜೆ ಗಣಪಿ ಕರ್ಕಿಯ ತಂಗಿಯ ಮನೆಗೆ ಹೋಗಿ ಬಂದವರು ಚಪ್ಪಲಿ ಬಿಡುವ ಮೊದಲೇ ಸುದ್ದಿ ಶುರು ಮಾಡುತ್ತಾರೆ. "ಅಕ್ಕೋರ ಮನೆ ಜಗಲಿ ಮೇಲೆ ಇಬ್ರೂ ಕೂತಿದ್ರು. ಚಹಾ ಲೋಟ ಹಂಗೇ ಇತ್ತು, ಮುಟ್ಟಿರ್ಲಿಲ್ಲ. ನಾ ಎದ್ರಿಗೇ ಹೋದ್ರೂ ಗೊತ್ತಾಗ್ಲಿಲ್ಲ ಅವ್ರಿಗೆ." ದೇವು ನಾಳೆಗೆಂದು ಓಮ್ನಿಯ ಗಾಜು ಒರೆಸುತ್ತಿದ್ದಾರೆ. ಒರೆಸಿದ್ದನ್ನೇ ಒರೆಸುತ್ತಾ ಹೂಂ ಎನ್ನುತ್ತಾರೆ.

"ಎಂತಕ್ಕೆ ಅಳ್ತಿದ್ರಂತೆ ಅಕ್ಕೋರು? ಕೇಳಿದ್ರಾ ನೀವು?"

"ಇಲ್ಲ."

"ಮೂರು ವಾರ ಊರೆಲ್ಲ ತಿರ್ಗಿ, ಅದೊಂದು ಕೇಳ್ಕಂಡು ಬರ್ಲಿಲ್ವಾ!" ಗಣಪಿಗೆ ನಂಬಲಿಕ್ಕೇ ಆಗುವುದಿಲ್ಲ.

ದೇವು ಬಟ್ಟೆ ಹಿಂಡಿ ಗಾಡಿಯ ಮೇಲೆ ಹರವುತ್ತಾರೆ. "ಅದು ನಂಗೆ ಹೇಳುದಲ್ಲ ಮಾರಾಯ್ತಿ. ಈ ಸಲ ಆದ್ರೂ ಸರಿಯಾದ ಮನೆಗೆ ಹೋತಲ್ಲ, ನಂಗೆ ಅಷ್ಟು ಸಾಕು."